ಹಳದಿ ನೈಟಿಯ ತೋಳು

ಟಿಣ್ ಎಂದಿತು. ಆಮೇಲೆ ಏನೂ ಇಲ್ಲ.

ಮನೆಯವರೆಲ್ಲ ಮಲಗಿದ ಮೇಲೆ ಕೆಳಗಿನ ಗ್ಯಾರೇಜಿನಿಂದ ಬರುವ ಸದ್ದುಗಳು ಅಷ್ಟರಲ್ಲಿ ನನಗೆ ಬಾಯಿಪಾಠವಾಗಿದ್ದವು. ಸ್ಪ್ಯಾನರ್ ಬಿದ್ದರೆ ಅದರ ಬೆನ್ನಿಗೇ ಒಂದು ಬೈಗುಳ. ನಟ್ಟು ಬಿದ್ದರೆ ಅದು ಉರುಳುವ ಸದ್ದು, ಆಮೇಲೆ ಮಂಡಿಯೂರಿ ಹುಡುಕುವ ಗೊಣಗಾಟ. ಈ ಟಿಣ್ ಉರುಳಲಿಲ್ಲ. ಬೈಗುಳವೂ ಬರಲಿಲ್ಲ. ನನ್ನ ಗಂಡ ಬೈಯಲಿಲ್ಲವೆಂದರೆ ವಿಷಯ ಬೈಗುಳದ ಅಳತೆ ಮೀರಿದೆ ಎಂದೇ ಲೆಕ್ಕ.

ನನ್ನ ಕೆಲಸ ಆಸ್ಪತ್ರೆಯಲ್ಲಿ, ಕಿವಿ ಪರೀಕ್ಷೆಯ ವಿಭಾಗದಲ್ಲಿ. ಗಾಜಿನ ಕೋಣೆಯೊಳಗೆ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಇರುವೆ ಕೆಮ್ಮಿದಷ್ಟು ಸಣ್ಣ ಸದ್ದು ಕಳಿಸಿ, ಕೇಳಿಸಿತೇ ಎಂದು ಕೇಳುತ್ತೇನೆ. ಹಾಗಾಗಿ ಸಣ್ಣ ಸದ್ದಿಗೆ ಕಿವಿ ನೆಟ್ಟಗಾಗುವುದು ಉದ್ಯೋಗದ ಅಭ್ಯಾಸ. ಆ ಸದ್ದಿನ ಹಿಂದೆ ಏನು ಅನಾಹುತ ಕಾದಿದೆಯೋ ಎಂದು ಎದೆ ಹೊಡೆದುಕೊಳ್ಳುವುದು ಮಾತ್ರ ಸ್ವಂತದ್ದು. ಅದಕ್ಕೆ ಸಂಬಳವಿಲ್ಲ.

ಕೆಳಗಿಳಿದು ಹೋದೆ. ಅವರು ಟಾರ್ಚ್ ಹಿಡಿದು ಎಂಜಿನ್ನಿನ ಒಂದು ತೂತಿನೊಳಗೆ ಬಗ್ಗಿ ನೋಡುತ್ತಿದ್ದರು, ಮಗು ಬಾವಿಗೆ ಬಿದ್ದವರ ಹಾಗೆ.

"ಏನು ಬಿತ್ತು?"

"ಏನೂ ಇಲ್ಲ ಕಣೆ. ಹೋಗಿ ಮಲ್ಕೋ."

"ಎಲ್ಲಿಗೆ ಬಿತ್ತು?"

ಟಾರ್ಚನ್ನು ಇನ್ನಷ್ಟು ಒಳಕ್ಕೆ ಹಿಡಿದು, "ಒಳಗೆ," ಎಂದರು.

ಕಡಲೆಕಾಳಿನಷ್ಟು ದಪ್ಪದ ಒಂದು ನಟ್ಟು. ಅದು ಒಳಗೇ ಉಳಿದರೆ ಎಂಜಿನ್ ತನ್ನನ್ನು ತಾನೇ ಅಗಿದು ನುಂಗುತ್ತದಂತೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತವನ್ನು ಕಿತ್ತು, ದಾರಕ್ಕೆ ಕಟ್ಟಿ, ತೂತಿನೊಳಗೆ ಇಳಿಬಿಟ್ಟು, ಬೆಳಗಿನ ತನಕ ಮೀನು ಹಿಡಿಯುವವರಂತೆ ಕೂತರು. ಆ ಅಯಸ್ಕಾಂತ ಅವರ ವಿಮೆ ಕಂಪನಿಯವರು ಗಿರಾಕಿಗಳಿಗೆ ಹಂಚಿದ್ದು. ಮೇಲೆ 'ನಿಮ್ಮ ಸುರಕ್ಷತೆಯೇ ನಮ್ಮ ಕಾಳಜಿ' ಎಂದು ಬರೆದಿತ್ತು. ಕಡೆಗೂ ನಟ್ಟು ಸಿಕ್ಕಿತು. ಕಾಳಜಿ ಕೆಲಸಕ್ಕೆ ಬಂದಿದ್ದು ನಾನು ಕಂಡಂತೆ ಅದೊಂದೇ ಸಲ.

ಇಲ್ಲಿ ಬೈಕಿನ ವಿಷಯ ಹೇಳಬೇಕು. ಕಾಲೇಜಿನ ದಿನಗಳಲ್ಲಿ ಯಾರೋ ಸಿರಿವಂತರ ಮಗ ಓಡಿಸುತ್ತಿದ್ದ ಕೆಂಪು ಸ್ಪೋರ್ಟ್ಸ್ ಬೈಕಿನ ಹಿಂದೆ ನನ್ನ ಗಂಡ ಸೈಕಲ್ಲಿನಲ್ಲಿ ಹೋಗುತ್ತಿದ್ದರಂತೆ. ಅದರ ಹೊಗೆ ಇಪ್ಪತ್ತೈದು ವರ್ಷವಾದರೂ ತಲೆಯಿಂದ ಇಳಿದಿರಲಿಲ್ಲ. ತಲೆಕೂದಲು ಇಳಿಯತೊಡಗಿದ ಮೇಲಂತೂ ಹೊಗೆ ಇನ್ನೂ ದಟ್ಟವಾಯಿತು. ಒಂದು ದಿನ ಅಂಥದೇ ಬೈಕಿನ ಅಸ್ಥಿಪಂಜರವನ್ನು ಟೆಂಪೋದಲ್ಲಿ ಹೊತ್ತು ತಂದರು. ಚಕ್ರ ಎರಡಿದ್ದವು, ನಡುವೆ ಇದ್ದ ಎಂಜಿನ್ ತುಕ್ಕು ಹಿಡಿದು ಕಲ್ಲಾಗಿತ್ತು. ನಾನೂರು ಸಿಸಿಯದು. ಅದನ್ನೇ ಬಿಚ್ಚಿ ಸರಿಪಡಿಸಬಹುದಿತ್ತು. ಆದರೆ ಮನುಷ್ಯ ಇಪ್ಪತ್ತೈದು ವರ್ಷ ಕಾದ ಮೇಲೆ ಬಡ್ಡಿ ಬೇಡವೇ? ಅದರ ಜಾಗಕ್ಕೆ ಏಳುನೂರೈವತ್ತರದ್ದನ್ನು ಕೂರಿಸುವುದೆಂದು ತೀರ್ಮಾನವಾಯಿತು.

ಆ ದೊಡ್ಡ ಎಂಜಿನ್ ಎಲ್ಲಿಂದ ಬಂತು ಎನ್ನುವುದೇ ನನ್ನ ನಿದ್ದೆ ಕೆಡಿಸಿದ ಸಂಗತಿ. ನನ್ನ ಗಂಡ ವಿಮೆ ಕಂಪನಿಯ ಸರ್ವೇಯರ್. ಗುದ್ದಿಕೊಂಡ ಗಾಡಿಗಳನ್ನು ನೋಡಿ, ಯಾವುದು ಯಾವುದಕ್ಕೆ ಹೇಗೆ ಗುದ್ದಿತು, ಎಷ್ಟು ಹಾಳಾಯಿತು ಎಂದು ವರದಿ ಬರೆಯುವವರು. ಊಟಕ್ಕೆ ಕೂತಾಗ ಅವರು ಹೇಳುವ ಕಥೆಗಳಲ್ಲಿ ಬೈಕಿನವರು ಯಾವಾಗಲೂ ಗಾಳಿಯಲ್ಲಿರುತ್ತಿದ್ದರು. ಹೊಸ ಎಂಜಿನ್ನೂ ಅಂಥ ಒಂದು ಕಥೆಯಿಂದಲೇ ಎದ್ದು ಬಂದದ್ದು.

"ಅದರ ಓನರ್‌ಗೆ ಏನಾಯ್ತು?" ಎಂದು ಕೇಳಿದ್ದೆ.

"ಏನೂ ಆಗ್ಲಿಲ್ಲ. ಕಾಲು ಅಷ್ಟೇ."

"ಕಾಲು ಏನಾಯ್ತು?"

"ನೋಡು, ಎಂಜಿನ್‌ಗೆ ಒಂದು ಗೀರೂ ಬಿದ್ದಿಲ್ಲ," ಎಂದರು, ಬಹಳ ಸಮಾಧಾನದಿಂದ.

ಆ ಎಂಜಿನ್ ಮೊದಲು ಬಂದು ಕೂತದ್ದು ನಮ್ಮ ನಡುಮನೆಯಲ್ಲಿ, ಟಿವಿಯ ಎದುರಿಗೆ. ಗ್ಯಾರೇಜಿನಲ್ಲಿ ಜಾಗವಾಗುವ ತನಕ ಎಂದರು. ಅತ್ತೆ ರಾತ್ರಿ ಅದಕ್ಕೊಂದು ಹಳೆಯ ಚಾದರ ಹೊದಿಸಿ ಮಲಗುತ್ತಿದ್ದರು. ಯಾಕೆಂದು ಕೇಳಿದರೆ, "ಎದ್ದು ಬಚ್ಚಲಿಗೆ ಹೋಗುವಾಗ ಅದು ನನ್ನನ್ನೇ ನೋಡ್ತದೆ ಕಣೆ," ಎಂದರು.

ಅತ್ತೆಗೆ ಕಿವಿ ಮಂದ. ಊರಿನವರ ಕಿವಿಯನ್ನೆಲ್ಲ ಪರೀಕ್ಷಿಸುವ ಸೊಸೆ ಮನೆಯಲ್ಲೇ ಇದ್ದರೂ ಅವರು ಒಂದು ದಿನವೂ ಆ ಗಾಜಿನ ಕೋಣೆಗೆ ಬಂದವರಲ್ಲ. "ನನ್ನ ಕಿವಿ ಸರಿಯಾಗೇ ಇದೆ, ನೀವೇ ಪಿಸುಗುಟ್ಟೋದು ಕಲ್ತಿದ್ದೀರ," ಎನ್ನುತ್ತಾರೆ. ಆದರೆ ಅವರಿಗೆ ಬೇಕಾದ ಮಾತು ಮೂರು ಗೋಡೆಯಾಚೆ ಆಡಿದರೂ ಕೇಳಿಸುತ್ತದೆ. ವಿಜ್ಞಾನಕ್ಕೆ ಇನ್ನೂ ಎಟುಕದ ಕಿವಿ ಅದು.

ಎಂಜಿನ್ ದೊಡ್ಡದು, ಚೌಕಟ್ಟು ಚಿಕ್ಕದು. ಕೂರಿಸಲು ಚೌಕಟ್ಟಿನಲ್ಲಿ ಎಂಜಿನ್ ಹಿಡಿದಿಡುವ ಹಳೆಯ ಹಿಡಿಕೆಗಳನ್ನು ಕೊಯ್ದರು, ಹೊಸದನ್ನು ಬೆಸೆದರು, ಮತ್ತೆ ಕೊಯ್ದರು. ಆರು ತಿಂಗಳು ನಮ್ಮ ಕಾರು ಬೀದಿಯಲ್ಲಿ ಬಿಸಿಲು ಕಾಯಿತು. ಇಷ್ಟೆಲ್ಲ ಆದ ಮೇಲೆ ನಾನು ಒಂದೇ ಒಂದು ಪ್ರಶ್ನೆ ಕೇಳಿದೆ: "ಬ್ರೇಕು?"

"ಏನು ಬ್ರೇಕು?"

"ಬ್ರೇಕ್ ನಾನೂರರದ್ದೇ ಅಲ್ವಾ? ಓಡೋದು ಏಳುನೂರೈವತ್ತು, ನಿಲ್ಲೋದು ನಾನೂರು. ಉಳಿದ ಮುನ್ನೂರೈವತ್ತು ಎಲ್ಲಿಗೆ ಹೋಗುತ್ತೆ?"

"ಅದು ಆಮೇಲೆ ಕಣೆ. ಮೊದ್ಲು ಓಡ್ಲಿ."

ಉಳಿದ ಮುನ್ನೂರೈವತ್ತು ಎಲ್ಲಿಗೆ ಹೋಗುತ್ತದೆಂದು ಅವರೇ ವಾರಕ್ಕೆ ಆರು ದಿನ ವರದಿ ಬರೆಯುತ್ತಾರೆ. ಗೋಡೆಗೆ, ಲಾರಿಗೆ, ದೀಪದ ಕಂಬಕ್ಕೆ. ಬೇರೆಯವರ ಗಾಡಿಯಾದರೆ ಅದು ನಿರ್ಲಕ್ಷ್ಯ, ತಮ್ಮದಾದರೆ ಪ್ರಾಜೆಕ್ಟು.

ಈ ಪ್ರಾಜೆಕ್ಟಿಗೆ ಇನ್ನೊಬ್ಬ ಪಾಲುದಾರನಿದ್ದ. ಅವರ ಬಾಲ್ಯದ ಗೆಳೆಯ, ಹಲ್ಲಿನ ಡಾಕ್ಟರ್. ಅತ್ತೆಯ ಬಾಯಲ್ಲಿ 'ಹಲ್ಲು ಕೀಳೋನು'. ಭಾನುವಾರ ಬೆಳಿಗ್ಗೆ ಬಂದು, ಗ್ಯಾರೇಜಿನ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೈ ಕೊಳೆ ಮಾಡಿಕೊಳ್ಳದೆ ಸಲಹೆ ಕೊಡುವುದು ಅವನ ಪಾಲು. ಅದರ ಜೊತೆ ಫೋಟೋ ತೆಗೆಯುವುದು. ಹಳೆಯ ಬೈಕಿನ ಹುಚ್ಚಿನವರದ್ದೊಂದು ವಾಟ್ಸಾಪ್ ಗುಂಪಿತ್ತು. ಎಲ್ಲರೂ ಮಧ್ಯವಯಸ್ಸಿನವರು, ಎಲ್ಲರಿಗೂ ಸೊಂಟನೋವು. ಅಲ್ಲಿಗೆ ವಾರವಾರ ಚಿತ್ರ ಹೋಗಬೇಕು, ಹೆಬ್ಬೆರಳುಗಳು ಬರಬೇಕು.

ನಟ್ಟು ಬಿದ್ದ ರಾತ್ರಿಯ ಮಾರನೆಯ ದಿನ ನನ್ನ ಗಂಡ ಒಂದು ಶಪಥ ಮಾಡಿದರು: ಇನ್ನು ಮೇಲೆ ಬೈಕಿನಲ್ಲಿ ತೆರೆದ ತೂತು ಒಂದೂ ಇರಕೂಡದು. ಬಿಚ್ಚಿದ ಕೂಡಲೇ ಬಟ್ಟೆ ತುರುಕುವುದು. ಒಳ್ಳೆಯ ಪದ್ಧತಿಯೇ. ಬಟ್ಟೆಯ ತುದಿ ಬಾಲದ ಹಾಗೆ ಹೊರಗೆ ನೇತಾಡುತ್ತಿರಬೇಕು, ಆಗ ಮರೆಯುವುದಿಲ್ಲ ಎಂದು ನನಗೂ ವಿವರಿಸಿದರು. ಬಟ್ಟೆ ಯಾವುದು ಎಂದು ಮಾತ್ರ ಹೇಳಲಿಲ್ಲ. ಸಂಜೆ ನೋಡಿದರೆ ನನ್ನ ಹಳದಿ ನೈಟಿ. ನೀಲಿ ಚುಕ್ಕಿಗಳಿದ್ದ, ಒಗೆದು ಒಗೆದು ಬೆಣ್ಣೆಯಂತಾಗಿದ್ದ ನೈಟಿ, ತುಂಡುತುಂಡಾಗಿ ಎಂಜಿನ್ನಿನ ಬಾಯಿಗಳಿಂದ ಇಣುಕುತ್ತಿತ್ತು.

"ರೀ, ಅದು ನಾನು ಹಾಕ್ಕೊಳ್ತಿದ್ದಿದ್ದು!"

"ಹಳೇದಲ್ವಾ?"

"ನೀವೂ ಹಳಬರೇ. ಹರಿದು ತುರುಕಿದ್ದೀನಾ?"

ಅತ್ತೆ ನಕ್ಕರು. ಅದು ಅವರಿಗೆ ಅಡುಗೆಮನೆಯಿಂದಲೇ ಕೇಳಿಸಿತ್ತು.

ಮುಂದೆ ಆ ತುಂಡುಗಳನ್ನು ಒಗೆಯುವುದೂ ನನ್ನ ಪಾಲಿಗೇ ಬಂತು. ಎಣ್ಣೆ ಮೆತ್ತಿದ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ಸೋಪು ಉಜ್ಜಿ, ಟೆರೇಸಿನ ತಂತಿಯ ಕೊನೆಯಲ್ಲಿ ಒಣಹಾಕುವುದು. ನೈಟಿಯ ಬೆನ್ನು ಒಂದು ಕಡೆ, ಎದೆ ಒಂದು ಕಡೆ, ತೋಳು ಒಂದು ಕಡೆ. ಯಾವುದೋ ಅಪರಾಧದ ಸಾಕ್ಷ್ಯದಂತೆ ಗಾಳಿಗೆ ಆಡುತ್ತಿತ್ತು.

ಕಾರ್ಬ್ಯುರೇಟರ್ ಕೂರಿಸಿದ ಭಾನುವಾರ ಡಾಕ್ಟರ್ ಫೋನ್ ಹಿಡಿದು ಬೈಕಿನ ಸುತ್ತ ಪ್ರದಕ್ಷಿಣೆ ಬಂದ. ನಾನು ಚಹಾ ತಟ್ಟೆ ಹಿಡಿದು ನಿಂತಿದ್ದೆ.

"ಗುರೂ, ಸೀಟ್ ಕೆಳಗೆ ಏನೋ ಹಳದಿ ಬಾಲ ನೇತಾಡ್ತಿದೆ. ಫೋಟೋ ಚೆನ್ನಾಗಿ ಬರಲ್ಲ."

"ಅದು ಏರ್ ಫಿಲ್ಟರ್ ಡಬ್ಬದ ಬಾಯಿ. ಗಾಳಿ ಒಳಗೆ ಹೋಗೋ ದಾರಿ. ಇರ್ಲಿ ಬಿಡೋ, ಮರ್ತುಬಿಡ್ತೀವಿ."

"ಅಯ್ಯೋ, ದಿನಾ ಮಾಡೋ ಕೆಲಸ ಕಣೋ ಇದು," ಎಂದು ಡಾಕ್ಟರ್ ತೋರುಬೆರಳಿನಿಂದ ಬಾಲವನ್ನು ನಾಜೂಕಾಗಿ ಒಳಕ್ಕೆ ಒತ್ತಿದ. ಕಿತ್ತ ಹಲ್ಲಿನ ಗುಳಿಗೆ ಹತ್ತಿ ಇಡುವವನ ಕೈ ಅದು. ಎಷ್ಟು ಚೆನ್ನಾಗಿ ಒತ್ತಿದನೆಂದರೆ ಹಳದಿಯ ಸುಳಿವೂ ಉಳಿಯಲಿಲ್ಲ. "ಫೋಟೋ ಆದ್ಮೇಲೆ ತೆಗೆದ್ರಾಯ್ತು. ಅತ್ತಿಗೆ, ಚಹಾಗೆ ಸಕ್ಕರೆ ಹಾಕಿಲ್ಲ ತಾನೆ?"

ಫೋಟೋ ಆಯಿತು. ಹೆಬ್ಬೆರಳುಗಳು ಬಂದವು. ಎಷ್ಟು ಬಂದವು ಎಂದು ನೋಡುವುದರಲ್ಲಿ ಇಬ್ಬರೂ ಮುಳುಗಿದರು. ನಾನು ಚಹಾದ ಲೋಟ ಒಳಗೊಯ್ದೆ. ಅವರು ಸೀಟು ಬಿಗಿದರು.

ಮುಂದಿನ ವಾರ ಎಂಜಿನ್ ಎಬ್ಬಿಸುವ ಸಮಾರಂಭ. ಅತ್ತೆಯನ್ನೂ ಕರೆದು ಕುರ್ಚಿ ಹಾಕಿದರು. ಡಾಕ್ಟರ್ ವಿಡಿಯೋ ತೆಗೆಯಲು ನಿಂತ. ನನ್ನ ಗಂಡ ಬಟನ್ ಒತ್ತಿದರು. ಎಂಜಿನ್ ಎದ್ದಿತು, ಎರಡು ಸಲ ಗೊರಕೆ ಹೊಡೆದ ಹಾಗೆ ಮಾಡಿ ಸತ್ತಿತು. ಮತ್ತೆ ಒತ್ತಿದರು. ಮತ್ತೆ ಎದ್ದು, ಮತ್ತೆ ಸತ್ತಿತು. ಪ್ಲಗ್ ಬಿಚ್ಚಿದರು. ಮಸಿ ಬಳಿದಂತೆ ಕಪ್ಪಗೆ, ಒದ್ದೆಯಾಗಿತ್ತು.

"ಪೆಟ್ರೋಲ್ ಜಾಸ್ತಿ ಹೋಗ್ತಿದೆ," ಎಂದರು ನನ್ನ ಗಂಡ.

"ಪೆಟ್ರೋಲ್ ಜಾಸ್ತಿ," ಎಂದ ಡಾಕ್ಟರ್.

"ಹೊಟ್ಟೆ ಉಬ್ಬರ," ಎಂದರು ಅತ್ತೆ.

ಅಲ್ಲಿಂದ ಮುಂದೆ ಪೆಟ್ರೋಲಿನ ಮೇಲೆ ಯುದ್ಧ. ಕಾರ್ಬ್ಯುರೇಟರಿನ ಒಳಗಿನ ಸಣ್ಣ ಸಣ್ಣ ತಿರುಪುಗಳನ್ನೆಲ್ಲ ತಿರುಗಿಸಿದರು. ಪೆಟ್ರೋಲ್ ಕಡಿಮೆ ಮಾಡಿದರು, ಇನ್ನೂ ಕಡಿಮೆ ಮಾಡಿದರು. ವೈರು ಬದಲಿಸಿದರು. ಗುಂಪಿನಲ್ಲಿ ಕೇಳಿದರು. ಗುಂಪು ಒಬ್ಬೊಬ್ಬರಿಗೆ ಒಂದೊಂದು ರೋಗ ಹೇಳಿ ಇನ್ನಷ್ಟು ಹೆಬ್ಬೆರಳು ಕಳಿಸಿತು. ಬೈಕು ಮಾತ್ರ ಎರಡು ಗೊರಕೆ ಹೊಡೆದು ಮಲಗುತ್ತಿತ್ತು.

ನನಗೆ ಆ ಸದ್ದು ಎಲ್ಲೋ ಕೇಳಿದ್ದು ಎನಿಸುತ್ತಿತ್ತು. ತುಂಬಿದ ಹೊಟ್ಟೆಯ ಸದ್ದಲ್ಲ ಅದು. ಮೂಗು ಕಟ್ಟಿದವರು ಬಾಯಿಯೂ ಮುಚ್ಚಿಕೊಂಡು ಉಸಿರಿಗೆ ಎಳೆಯುವ ಸದ್ದು. ಆಸ್ಪತ್ರೆಯಲ್ಲಿ ಒಮ್ಮೊಮ್ಮೆ ಯಾರೋ ಏನೂ ಕೇಳಿಸುತ್ತಿಲ್ಲವೆಂದು ಅಳುತ್ತಾ ಬರುತ್ತಾರೆ. ಯಂತ್ರ, ತಂತಿ ಎಲ್ಲ ಹೊಂದಿಸಿ ಸುಸ್ತಾಗಿ, ಕೊನೆಗೆ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರೆ ಎಂದೋ ಇಟ್ಟು ಮರೆತ ಹತ್ತಿ. ಬುಧವಾರ ಅಂಥವರೊಬ್ಬರು ಬಂದರು. ಚಿಮಟದಲ್ಲಿ ಹತ್ತಿ ಹಿಡಿದು ಎಳೆಯುತ್ತಿರುವಾಗಲೇ ನನ್ನ ಕೈ ನಿಂತಿತು.

ಸಂಜೆ ಮನೆಗೆ ಬಂದವಳು ಚಪ್ಪಲಿ ಸಹ ಬಿಡದೆ ಟೆರೇಸಿಗೆ ಹೋದೆ. ತಂತಿಯ ಮೇಲೆ ನೈಟಿಯ ಬೆನ್ನಿತ್ತು, ಎದೆಯಿತ್ತು. ತೋಳು ಒಂದೇ ಇತ್ತು.

ಆಗ ಹೇಳಬಹುದಿತ್ತು. ಮೆಟ್ಟಿಲಿಳಿದು, 'ರೀ, ಆ ಡಬ್ಬದ ಬಾಯಲ್ಲಿ ನನ್ನ ತೋಳಿದೆ' ಎಂದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅಷ್ಟು ತಿಂಗಳಲ್ಲಿ ಮೊದಲ ಸಲ ಆ ರಾತ್ರಿ ನನಗೆ ಗಾಢ ನಿದ್ದೆ ಬಂತು. ಎಂಜಿನ್ ಎದ್ದರೆ ಅವರು ಅದರ ಮೇಲೆ ಕೂರುತ್ತಾರೆ. ಕೂತರೆ ಓಡಿಸುತ್ತಾರೆ. ಓಡಿಸಿದರೆ ನಿಲ್ಲಿಸಬೇಕು, ನಿಲ್ಲಿಸಲು ಇರುವುದು ನಾನೂರರ ಬ್ರೇಕು, ಸೊಂಟನೋವು, ಮತ್ತು ಕೊನೆಯ ಸಲ ಬೈಕು ಓಡಿಸಿ ಹತ್ತು ವರ್ಷವಾದ ಕೈಗಳು. ಅವರ ಮತ್ತು ಒಂದು ದೀಪದ ಕಂಬದ ನಡುವೆ ನನ್ನ ನೈಟಿಯ ತೋಳು ಅಡ್ಡ ನಿಂತಿತ್ತು. ಇದ್ದುಕೊಳ್ಳಲಿ ಎಂದೆ. ಗಂಡನನ್ನು ತೋಳಲ್ಲಿ ಹಿಡಿದಿಡುವುದು ಎಂದರೆ ಇದೂ ಒಂದು ಬಗೆ.

ಅವರ ಮುಖ ಬಾಡಿದ್ದು ನೋಡಿ ಕರುಳು ಚುರುಕ್ ಎನ್ನಲಿಲ್ಲವೆಂದಲ್ಲ. ಊಟಕ್ಕೆ ಕೂತು ಮೊಟ್ಟೆಯನ್ನು ಸುಮ್ಮನೆ ತಟ್ಟೆಯಲ್ಲಿ ಉರುಳಿಸುತ್ತಿದ್ದರು. ಅತ್ತೆ, "ಯಾಕೋ ಮೊಟ್ಟೇನೂ ಸ್ಟಾರ್ಟ್ ಆಗ್ತಿಲ್ವಾ?" ಎಂದು ಗಾಯಕ್ಕೆ ಉಪ್ಪು ಸವರಿದರು. ಆದರೂ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಬಾಡಿದ ಮುಖಕ್ಕೆ ಮದ್ದಿದೆ, ವರದಿಯಲ್ಲಿ ಬರುವ ಮುಖಕ್ಕೆ ಇಲ್ಲ.

ಲೆಕ್ಕ ತಪ್ಪಿದ್ದು ಶನಿವಾರ. ನಮ್ಮ ವಿಭಾಗಕ್ಕೆ ರಜೆ, ನಾನು ಮನೆಯಲ್ಲಿದ್ದೆ. ಬೆಳಿಗ್ಗೆ ಡಾಕ್ಟರ್ ಫೋನ್ ಮಾಡಿದ. ನನ್ನ ಗಂಡ ಸ್ಪೀಕರಿಗೆ ಹಾಕಿ ಶೂ ಕಟ್ಟಿಕೊಳ್ಳುತ್ತಿದ್ದರು.

"ಗುರೂ, ಬಿಡು ಆ ಎಂಜಿನ್. ಅದು ಸತ್ತಿದೆ. ನಮ್ ಗುಂಪಲ್ಲಿ ಒಬ್ಬನ ಹತ್ರ ಸಾವಿರದ್ದು ಇದೆ. ಪೂರ್ತಿ ಸಾವಿರ! ಜಾಗ ಅಷ್ಟೇ ಬೇಕು, ಇನ್ನೊಂದು ಚೂರು ಕೊಯ್ದ್ರೆ ಕೂರುತ್ತೆ."

"ಸಾವಿರದ್ದಾ?" ನನ್ನ ಗಂಡನ ಕೈ ಲೇಸಿನ ಮೇಲೆಯೇ ನಿಂತಿತು. ವಾರದಿಂದ ಬಾಡಿದ್ದ ಮುಖ ನೀರು ಕಂಡ ಸೊಪ್ಪಿನಂತೆ ನೆಟ್ಟಗಾಯಿತು. "ಇವತ್ತು ಆಫೀಸಿಂದ ಬರ್ತಾ ನೋಡ್ಕೊಂಡು ಬರೋಣ?"

"ಅಡ್ವಾನ್ಸ್ ಕೊಟ್ಟೇ ಬಂದ್ಬಿಡೋಣ."

"ಬ್ರೇಕು?" ಎಂದೆ, ಅಡುಗೆಮನೆಯಿಂದ.

"ಆಮೇಲೆ ಕಣೆ!" ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಡಾಕ್ಟರ್ ಆ ತುದಿಯಿಂದ ನಾಲಿಗೆ ಕಚ್ಚಿಕೊಂಡು, "ಅಂದ್ರೆ, ಆಮೇಲೆ ಅತ್ತಿಗೆ," ಎಂದ.

ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತಾ ನಿಂತೆ. ಒಂದೇ ಲೋಟವನ್ನು ಎಷ್ಟು ಹೊತ್ತು ತೊಳೆದೆನೋ. ನಾನು ಏಳುನೂರೈವತ್ತಕ್ಕೆ ಅಡ್ಡ ಹಾಕಿದೆ ಎಂದುಕೊಂಡಿದ್ದೆ. ಅದು ಸಾವಿರಕ್ಕೆ ಬಾಗಿಲು ತೆರೆದಿತ್ತು. ನಾಳೆ ಸಾವಿರದ್ದಕ್ಕೂ ನನ್ನದೊಂದು ಲಂಗ ತುರುಕಿದರೆ ಇವರು ರೈಲಿನ ಎಂಜಿನ್ ಹುಡುಕಿಕೊಂಡು ಹೋಗುತ್ತಾರೆ. ಚಿಕ್ಕ ದೆವ್ವ ಮನೆಯಲ್ಲಿರುವಾಗ ದೊಡ್ಡ ದೆವ್ವಕ್ಕೆ ಯಾಕೆ ಎಲೆ ಹಾಕಬೇಕು?

ಅತ್ತೆ ಮಧ್ಯಾಹ್ನದ ನಿದ್ದೆಗೆ ಹೊರಳಿದ ಮೇಲೆ ಬಿಸಿ ಪಾತ್ರೆ ಹಿಡಿಯುವ ಇಕ್ಕಳ ತೆಗೆದುಕೊಂಡು ಗ್ಯಾರೇಜಿಗೆ ಹೋದೆ. ಸೀಟಿನ ಕೀಲಿ ಎಲ್ಲಿ ತೂಗುತ್ತದೆಂದು ಗೊತ್ತಿತ್ತು. ಸೀಟೆತ್ತಿದರೆ ಕಪ್ಪು ಡಬ್ಬ, ಅದಕ್ಕೊಂದು ಕಪ್ಪು ಬಾಯಿ. ಬೆರಳಿಗೆ ಮೊದಲು ಏನೂ ಸಿಗಲಿಲ್ಲ. ಎಲ್ಲ ನನ್ನ ಭ್ರಮೆಯೇನೋ ಎಂದು ಒಂದು ಗಳಿಗೆ ಹಿತವೆನಿಸಿತು. ಆಮೇಲೆ ಬೆಣ್ಣೆಯಂಥ ಹತ್ತಿ ತಗುಲಿತು. ಇಕ್ಕಳ ಇಳಿಬಿಟ್ಟು ಕಚ್ಚಿಸಿ ಎಳೆದೆ. ಡಾಕ್ಟರನ ಕೈಗುಣ, ಸುಲಭಕ್ಕೆ ಬರಲಿಲ್ಲ. ಕಡೆಗೆ ಪುಸಕ್ಕೆಂದು ಬಂತು, ಉದ್ದಕ್ಕೆ, ನೀಲಿ ಚುಕ್ಕಿ ಸಮೇತ.

"ಏನೇ ಮಾಡ್ತಿದ್ದೀಯ ಅಲ್ಲಿ?"

ಬಾಗಿಲಲ್ಲಿ ಅತ್ತೆ. ಪಕ್ಕದಲ್ಲಿ ತಮಟೆ ಬಾರಿಸಿದರೂ ಏಳದವರು, ಪುಸಕ್ಕೆ ಎದ್ದು ಬಂದಿದ್ದರು.

"ಇಕ್ಕಳ ಹುಡುಕ್ತಿದ್ದೆ ಅತ್ತೆ."

"ಕೈಯಲ್ಲೇ ಇದೆಯಲ್ಲೇ."

"ಹ್ಞೂಂ. ಸಿಕ್ಕಿತು."

ಅವರು ಇಕ್ಕಳ ನೋಡಿದರು, ಅದರ ಬಾಯಲ್ಲಿದ್ದ ಹಳದಿ ಬಟ್ಟೆ ನೋಡಿದರು, ನನ್ನ ಮುಖ ನೋಡಿದರು. "ಆಮೇಲೆ ತೊಳೆದು ಅಡುಗೆಗೆ ತಗೋ. ಪೆಟ್ರೋಲ್ ವಾಸನೆ ಬರ್ತದೆ," ಎಂದು ಹೊರಟುಹೋದರು. ಎಷ್ಟು ಅರ್ಥವಾಯಿತೋ ಇಂದಿಗೂ ತಿಳಿಯದು. ಅವರ ಕಣ್ಣಿಗೆ ಪರೀಕ್ಷೆ ಮಾಡುವವರು ಬೇರೆ ಯಾರಾದರೂ ಬೇಕು.

ಆಫೀಸಿಗೆ ಫೋನ್ ಮಾಡಿದೆ. "ರೀ, ಅಡ್ವಾನ್ಸ್ ಕೊಡೋ ಮೊದ್ಲು ಮನೆಗೆ ಬಂದು ಒಂದ್ಸಲ, ಒಂದೇ ಒಂದ್ಸಲ ಸ್ಟಾರ್ಟ್ ಮಾಡಿ ನೋಡಿ. ನಂಗೋಸ್ಕರ."

"ಏನೇ ಇದ್ದಕ್ಕಿದ್ದಂಗೆ?"

"ಸತ್ತಿದೆ ಅಂತ ಬರೆಯೋ ಮೊದ್ಲು ನಾಡಿ ನೋಡ್ಬೇಕಲ್ವಾ? ನಿಮ್ಮ ರೂಲ್ಸೇ."

ಸಂಜೆ ಇಬ್ಬರೂ ಬಂದರು. ಡಾಕ್ಟರ್ ಬೇಡದ ಮನಸ್ಸಿನಿಂದ ಕುರ್ಚಿಯಲ್ಲಿ ಕೂತ. ಕಡಿಮೆ ಮಾಡಿದ್ದ ಪೆಟ್ರೋಲನ್ನು ಮೊದಲಿನಂತೆ ಇಡಿ, ಸಾಯುವ ಮುನ್ನ ಹೊಟ್ಟೆ ತುಂಬ ಕುಡಿಯಲಿ ಎಂದು ನಾನು ತಮಾಷೆಯಂತೆ ಹೇಳಿದೆ. ನನ್ನ ಗಂಡ ತಿರುಪುಗಳನ್ನು ಹಿಂದಕ್ಕೆ ತಿರುಗಿಸಿ, ಬಟನ್ ಒತ್ತಿದರು.

ಗ್ಯಾರೇಜಿನ ಷಟರ್ ನಡುಗಿತು. ಗೋಡೆಯ ಮೇಲಿದ್ದ ಸ್ಪ್ಯಾನರುಗಳೆಲ್ಲ ಕಿಣಿಕಿಣಿ ಎಂದವು. ಅತ್ತೆ ಒಳಗಿನಿಂದ, "ಈಗ ಕೇಳಿಸ್ತು!" ಎಂದು ಕೂಗಿದರು.

"ನಾನು ಹೇಳಿರ್ಲಿಲ್ವಾ ಗುರೂ, ಮೊನ್ನೆ ನಾನು ಹಾಕ್ಸಿದ ಪ್ಲಗ್ಗೇ!" ಎಂದ ಡಾಕ್ಟರ್.

"ಪ್ಲಗ್ಗಲ್ಲ ಕಣೋ, ವೈರಿಂಗ್. ನಾನು ಪೂರ್ತಿ ಬದ್ಲಾಯಿಸಿದ್ದೆ," ಎಂದರು ನನ್ನ ಗಂಡ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಇಕ್ಕಳವನ್ನು ಯಾರೂ ತಬ್ಬಿಕೊಳ್ಳಲಿಲ್ಲ.

ಸಾವಿರದ ಮಾತು ಅಲ್ಲಿಗೆ ನಿಂತಿತು. ಓಡಿಸುವ ಮಾತು ಶುರುವಾಯಿತು. ಬ್ರೇಕ್ ಬದಲಿಸಿದ ಮೇಲೆ ಓಡಿಸಿ ಎಂದು ಎಲ್ಲ ರೀತಿಯಲ್ಲೂ ಹೇಳಿ ನೋಡಿದೆ. ನಯವಾಗಿ, ಸಿಟ್ಟಿನಿಂದ, ಕೊನೆಗೆ ಅವರದೇ ಹಳೆಯ ವರದಿಗಳ ಮಾತಿನಲ್ಲಿ. "ಬೀದಿ ತುದಿಗೆ ಹೋಗಿ ಬರ್ತೀನಿ, ಅಷ್ಟೇ," ಎಂದರು. ಊಟದ ಹೊತ್ತಿನ ಕಥೆಗಳಲ್ಲಿ ಎಲ್ಲರೂ ಬೀದಿ ತುದಿಗೇ ಹೋಗಿರುತ್ತಾರೆ.

ಭಾನುವಾರ ಬೆಳಿಗ್ಗೆ ಚರ್ಮದ ಜಾಕೆಟ್ ಹಾಕಿಕೊಂಡರು. ಅದು ಮದುವೆಗೆ ಮುಂಚಿನದು. ಜಿಪ್ಪು ಹೊಟ್ಟೆಯ ತನಕ ಬಂದು ಅಲ್ಲಿಂದ ಮುಂದೆ ಬರಲೊಪ್ಪಲಿಲ್ಲ. ಎದುರು ಮನೆಯವರು, ಪಕ್ಕದ ಮನೆಯವರು ಗೇಟಿಗೆ ಬಂದು ನಿಂತರು. ಅತ್ತೆ ಕುರ್ಚಿಯಲ್ಲಿ. ಡಾಕ್ಟರ್ ಫೋನ್ ಎತ್ತಿ ಹಿಡಿದು, "ಗುರೂ, ಒಂದು ಲುಕ್ ಕೊಡು!" ಎಂದ. ನನ್ನ ಗಂಡ ಹೆಲ್ಮೆಟ್ಟಿನೊಳಗಿನಿಂದ ಲುಕ್ ಕೊಟ್ಟರು. ನಾನು ಅವರ ಕೈಗವಸು ಸರಿಮಾಡುವ ನೆಪದಲ್ಲಿ ಬೆರಳು ಹಿಡಿದುಕೊಂಡೆ. ಬಿಡಿಸಿಕೊಂಡರು.

ಬೈಕು ಹೋಗಲಿಲ್ಲ, ಹಾರಿತು. ಅವರು ಅದರ ಮೇಲೆ ಕೂತು ಹೋದಂತಿರಲಿಲ್ಲ, ಅದು ಅವರನ್ನು ಕಿತ್ತುಕೊಂಡು ಓಡಿದಂತಿತ್ತು. ಬೀದಿ ತುದಿಯಲ್ಲಿ ಎಡಕ್ಕೆ ಹೊರಳಿ ಮರೆಯಾಯಿತು. ಸದ್ದು ಏರಿತು. ಆಮೇಲೆ ಇಲ್ಲ.

"ನೋಡಿದ್ರಾ!" ಎಂದ ಡಾಕ್ಟರ್ ಬೀದಿಯವರಿಗೆಲ್ಲ. "ಸದ್ದೇ ಕೇಳಿಸ್ತಿಲ್ಲ. ಅಷ್ಟು ದೂರ ಹೋಗಿಬಿಟ್ಟ!"

ದೂರ ಹೋಗುವ ಸದ್ದು ಸವೆಯುತ್ತಾ ಹೋಗುತ್ತದೆ. ಅದು ನನ್ನ ಕಸುಬು, ಅದರಲ್ಲಿ ನಾನು ತಪ್ಪುವುದಿಲ್ಲ. ಈ ಸದ್ದು ಸವೆಯಲಿಲ್ಲ. ಕತ್ತರಿಸಿದಂತೆ ನಿಂತಿತು.

"ಬಟ್ಟೆ ಒಣಗಿದ್ಯಾ ನೋಡ್ತೀನಿ," ಎಂದೆ. ಯಾರಿಗೆ ಹೇಳಿದೆನೋ. ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ನೆನಪಿರುವುದು ಕೈಯಲ್ಲಿದ್ದ ಇಕ್ಕಳದ ಹಿಡಿತ ಮಾತ್ರ. ಕೈಯಲ್ಲಿ ಇಕ್ಕಳವೇ ಇರಲಿಲ್ಲ, ಆದರೂ ಬೆರಳುಗಳು ಅದನ್ನೇ ಹಿಡಿದಂತೆ ಬಿಗಿದಿದ್ದವು. ನಾನೇ ಎಳೆದು ತೆಗೆದದ್ದು. ಒಳಗೇ ಇದ್ದಿದ್ದರೆ ಅವರು ಈಗ ಗ್ಯಾರೇಜಿನಲ್ಲಿ ಕೂತು ಪೆಟ್ರೋಲಿಗೆ ಬೈಯುತ್ತಿರುತ್ತಿದ್ದರು.

ಟೆರೇಸಿನ ಹಿಂದಿನ ಗೋಡೆಯಿಂದ ನೋಡಿದರೆ ಶಾಲೆಯ ಮೈದಾನದ ಪಕ್ಕದ ರಸ್ತೆ ಕಾಣುತ್ತದೆ. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ನರಪಿಳ್ಳೆ ಇರುವುದಿಲ್ಲ. ಮೊದಲು ನೆಲದ ಮೇಲೆ ಹುಡುಕಿದೆ. ಕೆಂಪು ಚೂರುಗಳಿಗಾಗಿ.

ಬೈಕು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ಸ್ವಲ್ಪ ಆಚೆ, ಫುಟ್‌ಪಾತಿನ ಅಂಚಿನಲ್ಲಿ ನನ್ನ ಗಂಡ ಕೂತಿದ್ದರು. ಹೆಲ್ಮೆಟ್ ಪಕ್ಕದಲ್ಲಿತ್ತು. ಎರಡೂ ಕೈಗಳನ್ನು ಮಂಡಿಗಳ ನಡುವೆ ಅದುಮಿಕೊಂಡಿದ್ದರು. ಚಳಿಯಾದವರು ಕೂರುವ ಹಾಗೆ, ಆ ಬಿಸಿಲಿನಲ್ಲಿ. ಬೈಕಿನ ಕಡೆ ನೋಡುತ್ತಿರಲಿಲ್ಲ. ಬಹಳ ಹೊತ್ತು ಹಾಗೇ ಕೂತಿದ್ದರು. ಆಮೇಲೆ ಎದ್ದರು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡರು, ಹ್ಯಾಂಡಲ್ ಹಿಡಿದು ತಳ್ಳತೊಡಗಿದರು.

ಏಳುನೂರೈವತ್ತು ಸಿಸಿಯ ಗಾಡಿಯನ್ನು ತಳ್ಳಿಕೊಂಡು ಮೈದಾನದ ಉದ್ದಕ್ಕೂ ಬಂದರು. ಮುಚ್ಚಿದ ಅಂಗಡಿಗಳ ಮುಂದೆ ಬಂದರು. ಎರಡು ಕಡೆ ನಿಂತು ಸೊಂಟಕ್ಕೆ ಕೈ ಕೊಟ್ಟು ಸುಧಾರಿಸಿಕೊಂಡರು. ಒಂದು ನಾಯಿ ಸ್ವಲ್ಪ ದೂರ ಜೊತೆಗೆ ಬಂದು, ಇದರಲ್ಲಿ ಸ್ವಾರಸ್ಯವಿಲ್ಲವೆಂದು ಬಿಟ್ಟುಹೋಯಿತು. ನಮ್ಮ ಬೀದಿಯ ಮೂಲೆಗೆ ಬಂದು ನಿಂತು, ಮುಖ ಒರೆಸಿಕೊಂಡು, ಹೆಲ್ಮೆಟ್ ಹಾಕಿ, ಹತ್ತಿ ಕೂತು, ಬಟನ್ ಒತ್ತಿದರು.

ಸದ್ದು ಕೇಳಿ ಬೀದಿಯವರು ಚಪ್ಪಾಳೆ ತಟ್ಟಿದರು.

ತಂತಿಯ ಮೇಲೆ ಶನಿವಾರ ಒಗೆದು ಹಾಕಿದ್ದ ಹಳದಿ ತೋಳು ಒಣಗಿತ್ತು. ಅದರಲ್ಲೇ ಮುಖ ಒರೆಸಿಕೊಂಡೆ. ನಗುತ್ತಿದ್ದೆನೋ ಅಳುತ್ತಿದ್ದೆನೋ, ಎರಡಕ್ಕೂ ಅದೇ ಬಟ್ಟೆ ಸಾಕಾಯಿತು.

ಕೆಳಗಿಳಿದಾಗ ಅವರು ಗೇಟಿನ ಹತ್ತಿರ ಹೆಲ್ಮೆಟ್ ಕಂಕುಳಲ್ಲಿಟ್ಟು ನಿಂತಿದ್ದರು. ಜಾಕೆಟ್ಟಿನೊಳಗಿನ ಅಂಗಿ ಹಿಂಡಿದರೆ ಬಕೆಟ್ ತುಂಬುವಂತಿತ್ತು.

"ಎಲ್ಲಿ ತನಕ ಹೋಗಿದ್ಯೋ ಗುರೂ? ಇಷ್ಟೊತ್ತು!"

"ಹೈವೇ ತನಕ," ಎಂದರು ನನ್ನ ಗಂಡ. "ಏನು ಪಿಕಪ್ ಅಂತೀಯಾ! ರೋಡೇ ಸಾಲಲ್ಲ."

"ಬೆವರು ನೋಡು ಬೆವರು."

"ಎಂಜಿನ್ ಬಿಸಿ ಕಣೋ. ಮೇಲಕ್ಕೆ ಹೊಡೆಯುತ್ತೆ."

ಡಾಕ್ಟರ್ ನನ್ನ ಕಡೆ ತಿರುಗಿದ. "ಅತ್ತಿಗೆ, ನೀವು ಮೇಲೆ ಇದ್ರಲ್ಲ. ಹೈವೇಲಿ ಹೋಗ್ತಿದ್ದಿದ್ದು ಕಂಡಿತಾ?"

ನನ್ನ ಗಂಡನ ಕಣ್ಣು ಮೇಲಕ್ಕೆ ಹೋಯಿತು, ಟೆರೇಸಿಗೆ. ಅಲ್ಲಿಂದ ನನ್ನ ಮುಖಕ್ಕೆ ಇಳಿದು ಅಲ್ಲೇ ನಿಂತಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ನನ್ನ ಉತ್ತರಕ್ಕೆ ಹಾಗೆ ಕಾದದ್ದು ನಾನು ಕಂಡಿರಲಿಲ್ಲ.

"ಎಲ್ಲಿ ಕಾಣುತ್ತೆ," ಎಂದೆ. "ನೀರಿನ ಟ್ಯಾಂಕ್ ಅಡ್ಡ ಬರುತ್ತೆ."

ಅವರು ಉಸಿರು ಬಿಟ್ಟರು. ಹೆಲ್ಮೆಟ್ಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿ, ಡಾಕ್ಟರಿಗೆ, "ಇನ್ನು ಬ್ರೇಕ್ ಬದ್ಲಾಯಿಸೋ ತನಕ ಹೊರಗೆ ತೆಗೆಯಲ್ಲ ಗುರೂ. ಅದು ಮೊದ್ಲು," ಎಂದರು, ತಮಗೇ ಹೊಳೆದ ಮಾತಿನಂತೆ.

ಸಂಜೆ ಅತ್ತೆ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತರು. "ನಮ್ಮ ನೀರಿನ ಟ್ಯಾಂಕ್ ಮುಂದಿನ ಮೂಲೇಲಿ ಅಲ್ವೇನೇ ಇರೋದು?" ಎಂದು ಪಿಸುಗುಟ್ಟಿದರು. ಪಿಸುಗುಟ್ಟುವುದು ಅವರಿಗೂ ಬರುತ್ತಿತ್ತು. "ಏನು ಕಂಡಿ?"

ನಡುಮನೆಯಲ್ಲಿ ನನ್ನ ಗಂಡ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಫೋನಿನಲ್ಲಿ ಹೆಬ್ಬೆರಳು ನೋಡುತ್ತಿದ್ದರು. ಮಡಿಸಿದ ಹಳದಿ ತೋಳು ನನ್ನ ಮುಂದೆ, ಕಟ್ಟೆಯ ಮೇಲೆ ಇತ್ತು. ಹೇಳಿದರೆ ಅತ್ತೆಗೆ ಒಂದು ವರ್ಷದ ನಗು, ಬೀದಿಗೆ ಒಂದು ಹೊಸ ಅಡ್ಡಹೆಸರು. ಆ ಗಂಡಸಿಗೆ ಮತ್ತೆ ಒಂದು ಭಾನುವಾರ ಜಾಕೆಟ್ ಹಾಕಿ, ತಾನು ಹೆದರಲಿಲ್ಲವೆಂದು ತೋರಿಸುವ ಹಟ. ಹೆದರಿಕೆ ಈಗಷ್ಟೇ ಅವರೊಳಗೆ ಬಂದು ಕೂತಿತ್ತು. ಅದು ಅಲ್ಲಿ ಬೇರು ಬಿಡಬೇಕಾದರೆ ಯಾರೂ ಅದನ್ನು ಮುಟ್ಟಕೂಡದು. ತೋಳಿನ ಕಥೆಯೂ ಅಷ್ಟೇ. ಅದು ಹೊರಗೆ ಬಂದರೆ ಗಾಡಿ ತಳ್ಳಿದ ಕಥೆಯೂ ಹಿಂದೆಯೇ ಬರುತ್ತದೆ.

ಅತ್ತೆ ಕಿವಿಯನ್ನು ನನ್ನ ಬಾಯಿಯ ಹತ್ತಿರಕ್ಕೆ ತಂದರು. ಆ ಕಿವಿಗೂ ಇಲ್ಲ, ಡಾಕ್ಟರಿಗೂ ಇಲ್ಲ, ನಿದ್ದೆಗಣ್ಣಿನಲ್ಲಿ ನನ್ನ ಗಂಡನೇ ಕೇಳಿದರೂ ಇಲ್ಲ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡು, ತೋಳನ್ನು ಇಕ್ಕಳದ ಜೊತೆ ಕೆಳಗಿನ ಡ್ರಾಯರಿನಲ್ಲಿಟ್ಟು ಮುಚ್ಚಿದೆ.

"ಬಟ್ಟೆ ಒಣಗಿತ್ತು ಅತ್ತೆ," ಎಂದೆ.